ಬಾಗಿಲಿಗೆ ಕಟ್ಟಿದ ಬೇವು

ಹುಡುಗಿ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. "ಅಜ್ಜಿ, ನನಗೆ ಹಾಲ್ ಟಿಕೆಟ್ ಕೊಡಲ್ವಂತೆ" ಎಂದಳು ಇಂಗ್ಲಿಷಿನಲ್ಲಿ. "ಶಾರ್ಟೇಜ್ ಆಫ್ ಅಟೆಂಡೆನ್ಸ್. ನೋಟಿಸ್ ಬೋರ್ಡಲ್ಲಿ ಹಾಕಿದ್ದಾರೆ."

ಬೆರಳಲ್ಲಿದ್ದ ಕಾಯಿ ಹಾಗೇ ಉಳಿಯಿತು. ಹಾಜರಿ ಕಡಿಮೆಯಾಗಿದ್ದು ಅವಳ ಸೋಮಾರಿತನದಿಂದಲ್ಲ. ನನ್ನಿಂದ.

ಅವಳು ಟಾಂಜಾನಿಯಾದವಳು. ಮಂಡ್ಯದ ಒಂದು ಕಾಲೇಜಿನಲ್ಲಿ ಫೈನಾನ್ಸ್ ಡಿಗ್ರಿ ಓದಲು ಬಂದು, ಎರಡು ವರ್ಷದಿಂದ ನಮ್ಮ ಮನೆಯ ಮುಂದಿನ ರೂಮಿನಲ್ಲಿದ್ದಳು. ಹಾಸ್ಟೆಲ್ ಊಟ ಹಿಡಿಸದೆ ಬೇರೆ ಮನೆ ಹುಡುಕುತ್ತಿದ್ದಾಗ, ಈ ಬೀದಿಯಲ್ಲಿ ಇಂಗ್ಲಿಷ್ ಮಾತಾಡುವ ಮುದುಕಿಯೊಬ್ಬಳು ಒಬ್ಬಳೇ ಇದ್ದಾಳೆ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ನಾನು ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ನನ್ನ ಇಂಗ್ಲಿಷ್ ಕೇಳುವವರಿಲ್ಲದೆ ಮೂಲೆ ಸೇರಿತ್ತು. ಬ್ಯಾಲೆನ್ಸ್ ಶೀಟು, ವರ್ಕಿಂಗ್ ಕ್ಯಾಪಿಟಲ್ಲು ಎಂದು ಅವಳು ಗಟ್ಟಿಯಾಗಿ ಓದುವಾಗ, ಅರ್ಥವಾಗದಿದ್ದರೂ, ಹಳೆಯ ಸ್ಟಡಿ ಹಾಲಿನಲ್ಲಿ ಕೂತ ಹಾಗಾಗುತ್ತಿತ್ತು. ಮೊದಲ ದಿನ ಮುದ್ದೆ ಬಡಿಸಿದಾಗ ಸ್ಪೂನ್ ಕೇಳುತ್ತಾಳೆಂದುಕೊಂಡಿದ್ದೆ. ಅವಳು ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಅದರಲ್ಲೇ ಸಾರು ತೋಡಿಕೊಂಡು ತಿಂದಳು. "ನಮ್ಮೂರಲ್ಲೂ ಹೀಗೇ, ಮುಸುಕಿನ ಜೋಳದ ಹಿಟ್ಟಿನದು" ಎಂದಳು. ಪಕ್ಕದ ಮನೆಯವಳು ಬಂದು ನೋಡಿ, "ಇವ್ಳೇನ್ ನಮ್ಮೋಳೇ ಕಣಜ್ಜಿ, ಸ್ವಲ್ಪ ದೂರ್ದಲ್ ಉಟ್ಬುಟ್ಟವ್ಳೆ" ಎಂದು ನಕ್ಕಿದ್ದಳು.

ಚಳಿ ಇಳಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಮೂರನೆಯ ದಿನ ಹಣೆಯ ಮೇಲೆ, ಕತ್ತಿನ ಮೇಲೆ ನೀರುಗುಳ್ಳೆ. ಚಿಕನ್ ಪಾಕ್ಸ್, ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅದು ವೈರಸ್ ಎಂದೂ ಗೊತ್ತಿತ್ತು. ಕಾನ್ವೆಂಟಿನ ಸಿಸ್ಟರ್ ಹೈಜೀನ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಆದರೆ ನನ್ನ ಬಾಯಿಂದ ಬಂದ ಮಾತು "ಅಮ್ಮ ಬಂದಿದಾಳೆ" ಎಂದೇ.

ಮಳವಳ್ಳಿಯ ನಮ್ಮ ಅತ್ತೆಯ ಮನೆಗೆ ನಾನು ಸೊಸೆಯಾಗಿ ಹೋದ ವರ್ಷ, ಆರು ವರ್ಷದ ನಾದಿನಿಗೆ ಅಮ್ಮ ಆಗಿತ್ತು. ಓದಿದವಳೆಂಬ ಜಂಬದಲ್ಲಿ ನಾನೇ ಗಂಡನಿಗೆ ಹೇಳಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದೆ. ಮಗು ಉಳಿಯಲಿಲ್ಲ. ಹೇಗಿದ್ದರೂ ಉಳಿಯುತ್ತಿರಲಿಲ್ಲವೇನೋ. ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನೀರುಗುಳ್ಳೆ ಕಂಡರೆ ಆಸ್ಪತ್ರೆಯ ಹೆಸರೆತ್ತಲು ನನಗೆ ಧೈರ್ಯವಿಲ್ಲ.

ಹಾಗಾಗಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಒಗ್ಗರಣೆ ನಿಲ್ಲಿಸಿದೆ. ಬೇವಿನ ಎಲೆಯ ಮೇಲೆ ಅವಳನ್ನು ಮಲಗಿಸಿ ಮಜ್ಜಿಗೆ, ಎಳನೀರು ಕೊಟ್ಟೆ. "ಡಾಕ್ಟರ್ ಹತ್ತಿರ ಹೋಗೋಣವಾ?" ಎಂದು ಅವಳು ಎರಡು ಸಲ ಕೇಳಿದಳು. "ನಮ್ಮ ಕಡೆ ಇದಕ್ಕೆ ಹೋಗಲ್ಲಮ್ಮ" ಎಂದೆ. ಪರದೇಶದ ಮಗು, ನನ್ನನ್ನು ನಂಬಿತು. ಅವಳ ತಾಯಿ ದಿನಾ ಫೋನ್ ಮಾಡಿದಾಗ ನಾನು ಅಡಿಗೆಮನೆ ಸೇರಿಕೊಳ್ಳುತ್ತಿದ್ದೆ. ಏನಾದರೂ ಹೆಚ್ಚುಕಮ್ಮಿಯಾದರೆ ಆ ತಾಯಿಗೆ ನಾನು ಯಾವ ಭಾಷೆಯಲ್ಲಿ ಹೇಳಲಿ?

ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ಬೇವು ನೋಡಿ ಗೇಟಿನ ಹತ್ತಿರ ನಿಂತಳು.

"ಯಾರ್ಗಜ್ಜಿ ಅಮ್ಮ ಆಗಿರಾದು? ಆ ಮಗೀಗಾ? ಗೇಟ್ ತಗೀರಿ, ಒಸಿ ನೋಡ್ಬುಟ್ ಓಯ್ತೀನಿ."

"ಹೊರಗಿನವರು ಬರಬಾರದು ಕಣಮ್ಮ ಈಗ."

"ನಾನ್ ಒರಗಿನೋಳಾ? ಕಾನ್ವೆಂಟ್ನಾಗ್ ಓದಿರೋ ನೀವೇ ಇಂಗಂದ್ರೆ, ಅಳ್ಳಿ ಮುದುಕೀರ್ಗೆ ನಾನ್ ಏನೇಳ್ಲಿ?"

ನಾನು ಗೇಟ್ ತೆಗೆಯಲಿಲ್ಲ. ಅವಳು ಇನ್ನೆರಡು ಸಲ ಬಂದಳು. ಆಗಲೂ ತೆಗೆಯಲಿಲ್ಲ.

ಹುಡುಗಿ ಗುಣವಾದಳು. ಬೇವು, ಅರಿಶಿನದ ನೀರು ಹುಯ್ದು, ಮಾರಮ್ಮನ ಗುಡಿಗೆ ಮೊಸರನ್ನ ಕೊಟ್ಟು ಬಂದೆವು. ಅಷ್ಟರಲ್ಲಿ ಅವಳಿಗೆ ಕಾಲೇಜು ತಪ್ಪಿ ಎರಡು ವಾರ ಮೇಲಾಗಿತ್ತು. ಗೆದ್ದೆನೆಂದುಕೊಂಡಿದ್ದೆ. ಈಗ ನೋಡಿದರೆ ಈ ನೋಟಿಸು.

ಪರೀಕ್ಷೆಗೆ ಕೂರದಿದ್ದರೆ ಏನಾಗುತ್ತದೆಂದು ಅವಳು ಬಿಡಿಸಿ ಹೇಳಿದಳು. ಈ ದೇಶದಲ್ಲಿ ಇರಲು ಕೊಟ್ಟಿದ್ದ ಅವಳ ಪರ್ಮಿಟ್ ಮುಗಿಯುತ್ತಾ ಬಂದಿತ್ತು. ಮುಂದುವರಿಸಬೇಕಾದರೆ ಇವಳು ಸರಿಯಾಗಿ ಓದುತ್ತಿದ್ದಾಳೆಂದು ಕಾಲೇಜು ಬರೆದುಕೊಡಬೇಕು. ಪರೀಕ್ಷೆಗೆ ಕೂರದವಳಿಗೆ ಹಾಗೆ ಬರೆದುಕೊಡುವುದಿಲ್ಲ. ಆ ಕಾಗದವಿಲ್ಲದಿದ್ದರೆ ಅರ್ಧ ಡಿಗ್ರಿ ಇಟ್ಟುಕೊಂಡು ವಿಮಾನ ಹತ್ತಬೇಕು. "ಮೆಡಿಕಲ್ ಸರ್ಟಿಫಿಕೇಟ್ ಇದ್ದರೆ ಬಿಡ್ತಾರಂತೆ, ಅಜ್ಜಿ" ಎಂದಳು. ಅದೊಂದನ್ನೇ ನಾನು ಇಲ್ಲದ ಹಾಗೆ ಮಾಡಿದ್ದೆ. ನಮ್ಮ ಫ್ಯಾಮಿಲಿ ಡಾಕ್ಟರು, "ನಾನು ನೋಡದೇ ಇರೋ ಕಾಯಿಲೆಗೆ ಹೇಗೆ ಬರೀಲಿ ಮೇಡಂ?" ಎಂದುಬಿಟ್ಟರು.

ಪಕ್ಕದ ಮನೆಯವಳಿಗೆ ಇದು ಚಿಕ್ಕ ವಿಷಯ. "ಅಯ್ ಬುಡಿ ಅಜ್ಜಿ, ಯಾಕಿಂಗ್ ಎದ್ರುಕೋತೀರಾ? ಮದ್ದೂರ್ನಲ್ ಒಬ್ಬ ಡಾಕುಟ್ರವ್ನೆ, ಏಳಿದ್ ತಾರೀಕ್ ಆಕ್ಕೊಡ್ತಾನೆ. ನಮ್ ಮೈದುನ ಕಬ್ಬು ಕಡಿಸಾಕ್ ರಜ ಆಕ್ದಾಗೆಲ್ಲ ಟೈಫಾಯ್ಡೇ. ಇಷ್ಟೊತ್ಗೆ ನಾಕ್ ಸಲ ಸತ್ತಿರ್ಬೇಕಾಗಿತ್ತು ಅವ್ನು."

ಮಾರನೆಯ ದಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಸೆರಗಿನ ತುದಿ ತಿರುಚುತ್ತಾ, ಸುಳ್ಳು ಹೇಳಿದವರನ್ನು ಮಂಡಿಯೂರಿಸುತ್ತಿದ್ದ ಮದರ್ ಸುಪೀರಿಯರನ್ನು ನೆನೆಯುತ್ತಿದ್ದೆ. ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತ ಕೂಡಲೇ ಕಾಂಪೌಂಡರು ಬಂದು, "ಎಷ್ಟ್ ದಿನುಕ್ ಬೇಕು?" ಎಂದ, ಹೋಟೆಲಿನಲ್ಲಿ ಎಷ್ಟು ಇಡ್ಲಿ ಎಂದು ಕೇಳುವ ಹಾಗೆ.

ಹುಡುಗಿ ಎದ್ದು ಹೊರಗೆ ನಡೆದಳು. ನಾನು ಹಿಂದೆ ಹೋದೆ.

"ಅಜ್ಜಿ, ಈ ಸಲ ನನಗೆ ಆಡಿಟಿಂಗ್ ಪೇಪರ್ ಇದೆ. ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬಾರದು ಅಂತ ಬರೆದು ಪಾಸಾಗಬೇಕು. ಆ ಪರೀಕ್ಷೆಗೆ ಈ ಕಾಗದ ತಗೊಂಡು ಹೋಗಲಾ?" ಎಂದಳು. "ಸಿಕ್ಕಿಬಿದ್ದರೆ ನಿಮ್ಮನ್ನು ಬೈತಾರೆ. ನನ್ನನ್ನು ವಾಪಸ್ ಕಳಿಸ್ತಾರೆ. ಮತ್ತೆ ಎಲ್ಲೂ ಓದೋಕೆ ಬಿಡಲ್ಲ."

ಎಪ್ಪತ್ತು ದಾಟಿದ ನನಗೆ ಅದು ಹೊಳೆದಿರಲಿಲ್ಲ. ನನ್ನ ತಪ್ಪನ್ನು ಮುಚ್ಚಿಕೊಳ್ಳುವ ಅವಸರದಲ್ಲಿ ಅವಳನ್ನು ಇನ್ನೂ ಆಳಕ್ಕೆ ತಳ್ಳುತ್ತಿದ್ದೆ. ಮಂಡ್ಯದ ಬಸ್ಸು ಬರುವವರೆಗೆ ಇಬ್ಬರೂ ಬಿಸಿಲಿನಲ್ಲೇ ನಿಂತಿದ್ದೆವು.

ಮರುದಿನ ಪ್ರಿನ್ಸಿಪಾಲರ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವಳು ಕೇಳಿದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗದವಳು ನಾನು, ಶಿಕ್ಷೆ ಇವಳಿಗೆ ಬೇಡ ಎಂದೆ. ಅವರು ಹುಡುಗಿಯ ಹಣೆಯ ಕಲೆ ನೋಡಿದರು. "ನಮ್ಮ ತಾಯೀನೂ ಹಿಂಗೇ ಮಾಡೋರು" ಎಂದು ನಿಟ್ಟುಸಿರಿಟ್ಟರು. "ಆದ್ರೆ ಯೂನಿವರ್ಸಿಟಿಗೆ ನಿಮ್ಮ ಮಾತು ಕಳಿಸೋಕಾಗಲ್ಲಮ್ಮ. ಕಾಗದ ಬೇಕು. ಆಗ ನೋಡಿದವರು ಯಾರೂ ಇಲ್ವಾ? ಸರ್ಕಾರದ ಕಡೆಯವರು?"

"ಇಲ್ಲ. ಯಾರನ್ನೂ ಒಳಗೆ ಬಿಡಲಿಲ್ಲ" ಎಂದೆ. ಹೇಳುತ್ತಿದ್ದ ಹಾಗೇ ಗೇಟಿನಾಚೆ ನಿಂತಿದ್ದ ಆ ಮುಖ ಕಣ್ಣ ಮುಂದೆ ಬಂತು.

ಆಶಾ ಕಾರ್ಯಕರ್ತೆಯ ಮನೆಗೆ ಹೋಗುವಾಗ ನನಗೆ ಪ್ರಿನ್ಸಿಪಾಲರಿಗಿಂತ ಅವಳ ಹೆದರಿಕೆಯೇ ಹೆಚ್ಚಿತ್ತು. ಅವಳು ಬಟ್ಟೆ ಒಣಹಾಕುತ್ತಿದ್ದಳು. ನನ್ನ ಮಾತು ಪೂರ್ತಿ ಕೇಳಿ, ಕೈ ಒರೆಸಿಕೊಂಡು, "ನಿಮ್ಮ ಗೇಟ್ನಾಗ್ ನಾನ್ ಮೂರ್ ಸಲ ನಿಂತಿವ್ನಿ. ನೀವ್ ನಮ್ಮನೇಗ್ ಒಂದೇ ಸಲ ಬಂದಿರಾದು. ಕೂತ್ಕಳಿ" ಎಂದು ಒಳಗೆ ಹೋಗಿ ಡೈರಿ ತಂದಳು. ಒಂದೊಂದು ತಾರೀಕಿಗೂ ಬರೆದಿತ್ತು: ಬಾಗಿಲಿಗೆ ಬೇವು ಕಟ್ಟಿದೆ, ಬಾಡಿಗೆ ಹುಡುಗಿಗೆ ಅಮ್ಮ, ಅಜ್ಜಿ ಒಳಗೆ ಬಿಡಲಿಲ್ಲ. ಮೂರನೆಯ ಸಲದ್ದರಲ್ಲಿ ಮಾತ್ರ, ಹುಡುಗಿ ಕಿಟಕಿಯಲ್ಲಿ ಕಂಡಳು, ಮುಖದ ಮೇಲೆ ಗುಳ್ಳೆ ಇದೆ.

"ಇದ್ನೆಲ್ಲ ಆರೋಗ್ಯ ಕೇಂದ್ರದ್ ರಿಜಿಸ್ಟ್ರಿಗೂ ಏರ್ಸಿವ್ನಿ. ನೀವ್ ತಗೀನಿಲ್ಲ ಅಂತ ನಾನ್ ಬುಟ್ಟೇನಾ?"

ಆರೋಗ್ಯ ಕೇಂದ್ರದ ಡಾಕ್ಟರು ರಿಜಿಸ್ಟರು ನೋಡಿ, ಹುಡುಗಿಯ ಕಲೆಗಳನ್ನು ಪರೀಕ್ಷಿಸಿ, ಆ ಎರಡನ್ನಷ್ಟೇ ಬರೆದುಕೊಟ್ಟರು. ಅದಕ್ಕೆ ಒಂದು ಅಕ್ಷರವೂ ಹೆಚ್ಚು ಸೇರಿಸಲಿಲ್ಲ. ಪ್ರಿನ್ಸಿಪಾಲರು ಅದನ್ನು ಯೂನಿವರ್ಸಿಟಿಗೆ ಕಳಿಸಿದರು. ಒಪ್ಪಿಗೆ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆವೋ. ಪೋಸ್ಟ್‌ಮನ್ನನ ಸೈಕಲ್ ಬೆಲ್ಲಿಗೂ ಇಬ್ಬರೂ ಬೆಚ್ಚಿಬೀಳುತ್ತಿದ್ದೆವು. ಅವಳು ಓದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆದರೆ ಗಟ್ಟಿಯಾಗಿ ಓದುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ ಬಂತು. ಬೆಳಿಗ್ಗೆ ಕಾಲೇಜಿನ ಗೇಟಿನವರೆಗೆ ಹೋದೆ. "ಬತ್ತೀನಿ ಕಣಜ್ಜಿ" ಎಂದು, ಪಕ್ಕದ ಮನೆಯವಳಿಂದ ಕಲಿತ ಕನ್ನಡದಲ್ಲಿ ಹೇಳಿ ಒಳಗೆ ಓಡಿದಳು. ಗಂಟೆ ಹೊಡೆಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಯಾರಾದರೂ ಅವಳನ್ನು ಎಬ್ಬಿಸಿ ಕಳಿಸಿಬಿಟ್ಟಾರು ಎಂಬ ಅಳುಕು.

ಪರ್ಮಿಟ್ಟೂ ಮುಂದುವರಿದಿದೆ. ಮೊನ್ನೆ ಅವಳಿಗೆ ಮತ್ತೆ ಜ್ವರ ಬಂತು, ಬರಿಯ ಜ್ವರ. ಆದರೂ ನನ್ನ ಕಾಲು ಹಿತ್ತಲಿನ ಬೇವಿನ ಮರದ ಕಡೆಗೇ ಹೊರಟಿತು. ಅರ್ಧ ದಾರಿಯಲ್ಲಿ ನಿಂತು, ವಾಪಸ್ ಬಂದು ಫೋನ್ ಎತ್ತಿಕೊಂಡೆ. ಆಶಾ ಕಾರ್ಯಕರ್ತೆ ಆ ಕಡೆಯಿಂದ ಕೇಳಿದ್ದು ಒಂದೇ ಮಾತು.

"ಬತ್ತೀನಿ. ಗೇಟ್ ತಗ್ದಿದ್ದೀರಾ ತಾನೆ?"

ಹೋಗಿ ತೆಗೆದೆ.