ಡೋಲ್ಮಾ ಹಿಡಿದ ಪಕ್ಷ

ಇವತ್ತು ಬೆಳಿಗ್ಗೆ ಅವಲಕ್ಕಿ ತೊಯಿಸಿಟ್ಟು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಟಿ.ವಿ.ಯಲ್ಲಿ ನಮ್ಮ ಮುಖಂಡರು ಚೀನಾದವರ ಕೈ ಕುಲುಕುತ್ತಿದ್ದರು. “ಛಲೋ ಆತು,” ಅಂದರು ನಮ್ಮ ಮನೆಯವರು, “ಮಗ್ಗಲದಾಗ ಇರಾವ್ರ ಜೋಡಿ ಎಷ್ಟ ದಿನ ಮಾರಿ ತಿರುವಿಕೊಂಡಿರೂದು?” ನನಗೆ ಮಾತ್ರ ಡೋಲ್ಮಾ ನೆನಪಾದಳು. ಮುಂಡಗೋಡದಲ್ಲಿ ಇರುವವರಿಗೆ ಇಂಥ ಸುದ್ದಿ ಬಂದಾಗ ಟಿಬೆಟಿನವರು ಯಾರಾದರೂ ನೆನಪಾಗಿಯೇ ಆಗುತ್ತಾರೆ.

ಕಾನ್ವೆಂಟಿನಲ್ಲಿ ಅವಳು ನನ್ನ ಬೆಂಚಿನವಳು. ಅಪ್ಪ ಅಮ್ಮ ಹಿಮಾಲಯ ದಾಟಿ ಬಂದವರು. ಅವಳು ಹುಟ್ಟಿದ್ದು ಇಲ್ಲೇ, ಟಿಬೆಟಿನ ನಿರಾಶ್ರಿತರ ಕ್ಯಾಂಪಿನಲ್ಲಿ. ಒಂಬತ್ತನೇ ತರಗತಿಯ ಚರ್ಚಾಸ್ಪರ್ಧೆಗೆ ಸಿಸ್ಟರ್ ಕೊಟ್ಟ ವಿಷಯ: ಪರದೇಶಗಳ ಜೊತೆಗಿನ ವ್ಯವಹಾರದಲ್ಲಿ ನ್ಯಾಯ ದೊಡ್ಡದೋ, ಲಾಭ ದೊಡ್ಡದೋ? ಚೀಟಿ ಎತ್ತಿದಾಗ ನನಗೆ ನ್ಯಾಯ ಬಂತು, ಅವಳಿಗೆ ಲಾಭ. ಪಾಪ ಅನ್ನಿಸಿ, “ಚೀಟಿ ಬದಲಿ ಮಾಡ್ಕೊಳ್ಳೂಣೇನ?” ಎಂದೆ.

“ಬ್ಯಾಡ ಬಿಡ. ಎಲ್ಲಾರೂ ತಮ್ಮ ತಮ್ಮ ಲಾಭ ನೋಡಿ ಸುಮ್ಮನ ಕುಂತದ್ದಕ್ಕ ನಮ್ಮ ದೇಶ ಹೋತು. ಆ ಪಾಠ ನನಗ ಬಾಯಿಪಾಠ ಐತಿ.”

ನಾನು ಕಣ್ಣೀರು ತಂದುಕೊಂಡು ಮಾತಾಡಿದೆ. ಅವಳು ತಣ್ಣಗೆ ಮಾತಾಡಿ ಗೆದ್ದಳು. ಎರಡು ದಿನ ಅವಳ ಡಬ್ಬಿಯ ಮೊಮೊ ಮುಟ್ಟಲಿಲ್ಲ ನಾನು. ನನ್ನ ವಿದೇಶಾಂಗ ನೀತಿ ಅಷ್ಟೇ, ನೋಡಿ. ಮೂರನೇ ದಿನ ಹಸಿವು ಸಂಧಾನ ಮಾಡಿಸಿತು.

ಇವತ್ತು ಹನ್ನೊಂದು ಗಂಟೆಗೆ ಅವಳೇ ಮನೆಗೆ ಬಂದಳು. ಕೈಯಲ್ಲಿ ಪಾಸ್‌ಪೋರ್ಟಿಗೆ ಬೇಕಾದ ಹೇಳಿಕೆ: ತಾನು ಹುಟ್ಟಿನಿಂದ ಭಾರತೀಯಳು, ಸರ್ಕಾರ ಕೊಟ್ಟ ನಿರಾಶ್ರಿತರ ಗುರುತಿನ ಪುಸ್ತಕ ಹಿಂದಿರುಗಿಸುತ್ತೇನೆ ಎಂದು. ಸಾಕ್ಷಿಗೆ ನನ್ನ ಸಹಿ ಬೇಕು. ಪರದೇಶದಲ್ಲಿರುವ ಅವಳ ಅಣ್ಣ ಹಾಸಿಗೆ ಹಿಡಿದಿದ್ದಾನೆ. ನಿರಾಶ್ರಿತರ ಕಾಗದದ ಮೇಲೆ ಎರಡು ಸಲ ಅರ್ಜಿ ಹಾಕಿದರೂ ವೀಸಾ ಸಿಕ್ಕಿಲ್ಲ. ಆದರೆ ಅವಳಪ್ಪ ಕೊನೆಯವರೆಗೂ ಆ ಪುಸ್ತಕ ಬಿಟ್ಟವರಲ್ಲ. ಅದನ್ನು ಬಿಟ್ಟರೆ ಊರಿಗೆ ಮರಳುವ ಮಾತನ್ನೇ ಬಿಟ್ಟಂತೆ ಎನ್ನುತ್ತಿದ್ದರು.

“ನಿಮ್ಮಪ್ಪಾರು ಇದ್ದಿದ್ರ ಏನಂತಿದ್ರ?” ಎಂದುಬಿಟ್ಟೆ.

“ನಿನ್ನ ನ್ಯಾಯಕ್ಕ ನಾ ಇನ್ನೂ ಎಷ್ಟು ವರ್ಷ ನಿರಾಶ್ರಿತಳಾಗಿರಬೇಕ, ಹೇಳ? ನಮ್ಮಣ್ಣನ ಮಾರಿ ನೋಡ್ಬೇಕ ನಾ. ಮಾಡ, ಸಹಿ ಮಾಡ.”

ಮಾಡಿದೆ. ಚಹಾ ಕುಡಿಯುತ್ತಾ, ಟಿ.ವಿ.ಯಲ್ಲಿ ಮತ್ತೆ ಬಂದ ಕೈಕುಲುಕಾಟ ನೋಡಿ, “ನಾನೂ ಲಾಭದ ಪಾರ್ಟಿ ಸೇರಿದೆ ನೋಡ” ಎಂದು ನಕ್ಕು ಹೊರಟಳು. ನಿಜ ಹೇಳಲೇ? ಅವಳಿಗೆ ಅಷ್ಟು ಸಲೀಸಾಯಿತಲ್ಲ ಎಂದು ನನಗೆ ಒಳಗೊಳಗೇ ಬೇಸರವಾಯಿತು.

ಸಂಜೆ ಎದುರುಮನೆಯ ಶಾಂತಕ್ಕ ಕಟ್ಟೆಯ ಮೇಲೆ ಕೊತ್ತಂಬರಿ ಸೋಸುತ್ತಾ ಅಂದರು: “ನಿಮ್ಮ ಗೆಳತಿ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ್ಯಾಗ ಕೈಯಾಗಿನ ಕಾಗದ ನೋಡಕೋತ ಭಾಳ ಹೊತ್ತು ನಿಂತಿದ್ರ ನೋಡ್ರಿ. ಕ್ಯಾಂಪಿನ ಟೆಂಪೋ ಮೂರು ಖಾಲಿ ಬಂದ್ವು, ಒಂದೂ ಹತ್ತಲಿಲ್ಲ. ಯಾರರ ಬರೋರಿದ್ರೇನ್ರಿ?”