ಎಂಜಲಲ್ಲಿ ಬೆಳಗಿದ ಚಾವಣಿ

ಕಿಟಕಿಯ ಬಣ್ಣದ ಗಾಜಿಗೆ ಇನ್ನೂ ಬೆಳಕು ತಾಗಿಲ್ಲ. ಬಿಷಪ್ಪರ ಪೀಠವಿರುವ ಹಳೆಯ ಪ್ರಧಾನ ಚರ್ಚಿನೊಳಗೆ, ಚಾವಣಿ ಕೈಗೆಟಕುವಷ್ಟು ಎತ್ತರದಲ್ಲಿ ಹಾಸಿದ ಹಲಗೆಗಳ ಮೇಲೆ, ಜೊತೆಯವರೆಲ್ಲ 'ಹತ್ತಿ ಅಕ್ಕ' ಎಂದೇ ಕರೆಯುವ ಹೆಂಗಸು ಅಂಗಾತ ಮಲಗಿದ್ದಾರೆ. ಕಡ್ಡಿಯ ತುದಿಗೆ ಹತ್ತಿ ಸುತ್ತುತ್ತಾರೆ, ನಾಲಿಗೆಗೆ ಒತ್ತಿ ಒದ್ದೆ ಮಾಡುತ್ತಾರೆ, ಚಾವಣಿಯ ಚಿತ್ರದಲ್ಲಿರುವ ದೇವದೂತನ ಕೆನ್ನೆಯ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಹತ್ತಿ ಕಪ್ಪಾಗುತ್ತದೆ. ಅದನ್ನು ಡಬ್ಬಕ್ಕೆ ಎಸೆದು ಹೊಸದು ಸುತ್ತುತ್ತಾರೆ. ತಲೆಮಾರುಗಳ ಮೇಣದಬತ್ತಿಯ ಮಸಿ ಉಗುರಗಲ ಉಗುರಗಲವಾಗಿ ಬಿಡುತ್ತಿದೆ.

ಹೌದು, ಎಂಜಲೇ. ಬರೀ ನೀರಿಗೆ ಮಸಿ ಜಗ್ಗದ, ಔಷಧಿ ತಾಗಿದರೆ ಬಣ್ಣವೇ ಎದ್ದುಬರುವ ನಾಜೂಕು ಜಾಗಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲವೆಂದು ತಜ್ಞರೇ ಹೇಳಿಕೊಟ್ಟದ್ದು.

"ನಮ್ಮ ಅತ್ತಿಗೆ ಬಾಯಿಗೆ ಹೆದರಿ ದೇವದೂತರೇ ಬೆಳ್ಳಗಾಗಿಬಿಟ್ರು," ಎಂದು ಪಕ್ಕದಲ್ಲೇ ಮಲಗಿ ಕೆಲಸ ಮಾಡುತ್ತಿರುವ ನಾದಿನಿ ಕಿಚಾಯಿಸುತ್ತಾರೆ.

"ಸುಮ್ನಿರೇ. ಮಾತಾಡಿ ಮಾತಾಡಿ ಬಾಯಿ ಒಣಗಿಸ್ಕೊಂಡ್ರೆ ಆ ಸಂತರ ಗಡ್ಡ ತೊಳೆಯೋರು ಯಾರು?"

ಜೀರ್ಣೋದ್ಧಾರ ಶುರುವಾದಾಗ ಹತ್ತಿ ಅಕ್ಕನ ಮಗಳು ಕಂಕುಳಲ್ಲಿದ್ದಳು. ಈಗ ಅಮ್ಮನ ಸೀರೆ ಉಡುತ್ತಾಳೆ. ನಡುವೆ ಬಿಷಪ್ಪರು ಬದಲಾದರು, ಗುತ್ತಿಗೆದಾರರು ಬದಲಾದರು, ದುಡ್ಡಿಲ್ಲವೆಂದು ಕೆಲಸ ನಿಂತಿತು, ಮತ್ತೆ ಹೊರಟಿತು. ಅಕ್ಕನ ಕತ್ತುನೋವು ಮಾತ್ರ ನಿಂತದ್ದೇ ಇಲ್ಲ.

"ಇವನನ್ನ ನೋಡಿ ಮೇಡಂ," ಎಂದು ಅಕ್ಕ, ಪತ್ರಿಕೆಗೆ ಬರೆಯಲು ಹಲಗೆ ಹತ್ತಿಬಂದ ನನಗೆ ತೋರಿಸುತ್ತಾರೆ. ಹತ್ತಿರದಿಂದ ಆ ದೇವದೂತನ ಮೂಗು ಸೌತೆಕಾಯಿಯಷ್ಟುದ್ದ. ಬಾಗಿದ ಚಾವಣಿಯಲ್ಲಿ ಹಾಗೆ ಎಳೆದು ಬರೆದರೇನೇ ನೆಲದಲ್ಲಿ ನಿಂತವರಿಗೆ ಮುಖ ಮುದ್ದಾಗಿ ಕಾಣುವುದಂತೆ.

"ಮೊದಮೊದಲು ಆ ಮೂಗಿನ ತುದೀನ ಮಸಿ ಅಂದ್ಕೊಂಡು ಉಜ್ಜೋಕೆ ಹೋಗಿದ್ದೆ. ಮೇಸ್ತ್ರಿ ಓಡಿಬಂದು ಕೈ ಹಿಡಿದ್ರು. ಕೆಳಗಿಂದ ಸರಿ ಕಾಣತ್ತೆ ಕಣಕ್ಕಾ ಅಂದ್ರು. ಅವತ್ತಿಂದ ಅವರ ಮಾತು ನಂಬ್ಕೊಂಡಿದೀನಿ. ಕಣ್ಣಾರೆ ಕಂಡಿಲ್ಲ."

ಕಾಣುವುದಾದರೂ ಹೇಗೆ? ಕೆಳಗೆ ನಿಂತವರಿಗೆ ಹಲಗೆಯ ಹಾಸು ಚಾವಣಿಯನ್ನೇ ಮರೆಮಾಡಿದೆ. ಅದನ್ನು ಕಳಚುವುದು ಸೋಮವಾರ. ಆಳುಗಳನ್ನು ದೂರದ ಮುಂದಿನ ಕೆಲಸಕ್ಕೆ ಹೊತ್ತೊಯ್ಯುವ ಲಾರಿ ಹೊರಡುವುದು ಭಾನುವಾರ. ಅಕ್ಕ ಮದುವೆಗೆ ಮುಂಚೆ ತಮ್ಮ ಅವ್ವನ ಜೊತೆ ತೊಳೆದ ಅರಮನೆಯ ಚಾವಣಿಯ ವಿಷಯದಲ್ಲೂ ಹೀಗೇ ಆಗಿತ್ತು. ಅವ್ವ ಅದನ್ನು ಕೆಳಗಿನಿಂದ ನೋಡದೆಯೇ ತೀರಿಕೊಂಡರು.

ಲಾರಿಯನ್ನು ಎರಡು ದಿನ ತಡೆಯಿರೆಂದು ಮೇಸ್ತ್ರಿ ಬೇಡಿದರೆ ಗುತ್ತಿಗೆದಾರ, "ಸುಮ್ನೆ ಕೂತೋರಿಗೆ ಅನ್ನ ಯಾರು ಹಾಕ್ತಾರೆ?" ಅಂದರಂತೆ. ಒಂದು ಹಲಗೆಯನ್ನಾದರೂ ಸರಿಸಿರೆಂದರೆ, ಇಡೀ ಹಾಸೇ ಅಲುಗುತ್ತದಂತೆ. ಬಾಗಿಲು ತೆರೆಯುವ ಸಮಾರಂಭವೋ, ಕಾರ್ಡು ಇದ್ದವರಿಗೆ ಮಾತ್ರ. ಈ ಹೆಂಗಸರಿಗೂ ಕಾರ್ಡು ಕೊಡಬಹುದೇ ಎಂದು ಜೀರ್ಣೋದ್ಧಾರ ಸಮಿತಿಯ ಕಾರ್ಯದರ್ಶಿಯನ್ನು ಕೇಳಿದೆ. "ಆಮೇಲೆ ಯಾವಾಗ ಬೇಕಾದ್ರೂ ಬರಲಿ. ದೇವರ ಮನೆ ಬಾಗಿಲು ಎಲ್ಲರಿಗೂ ತೆರೆದಿರತ್ತೆ," ಎಂದು ನಕ್ಕರು.

ಬಾಗಿಲು ತೆರೆದಿರುತ್ತದೆ ಸ್ವಾಮಿ. ಕೂಲಿ ಬಿಟ್ಟು ಅಷ್ಟು ದೂರದಿಂದ ಬರುವ ದಾರಿ ಯಾವುದು? ಕಾಣಿಕೆ ಕೊಟ್ಟವರಿಗೆ ಮೆತ್ತೆಯ ಕುರ್ಚಿ, ಭಾಷಣ ಬಿಗಿಯುವವರಿಗೆ ಮೈಕು. ದೇವದೂತರ ಮುಖಕ್ಕೆ ಈ ಹೆಂಗಸರ ಎಂಜಲು ಆದೀತು, ಆ ಮುಖದ ಕೆಳಗೆ ನಿಲ್ಲಲು ಅವರ ಕಾಲು ಆಗದು! ಇದನ್ನು ಭಕ್ತಿಯೆಂದು ಕರೆಯುವ ನಾಲಿಗೆಗಳನ್ನು ಯಾವ ಹತ್ತಿಯಿಂದ ತೊಳೆಯೋಣ?

ಪತ್ರಿಕೆಯವರಿಗೆಂದು ಕೊಟ್ಟ ಕಾರ್ಡು ನನ್ನ ಚೀಲದಲ್ಲಿದೆ. ನಾಚಿಕೆಯಾಗಿ ಅದನ್ನೇ ಅಕ್ಕನತ್ತ ಚಾಚುತ್ತೇನೆ. ಅವರು ಕೈ ಒರೆಸಿಕೊಂಡು, ಚಿನ್ನದ ಅಕ್ಷರಗಳನ್ನು ಒಮ್ಮೆ ಸವರಿ ಹಿಂದಕ್ಕೆ ಕೊಡುತ್ತಾರೆ.

"ಅಷ್ಟೊತ್ತಿಗೆ ನಾನೆಲ್ಲಿರ್ತೀನೋ! ನೀವೇ ಹೋಗಿ. ಬಲಗಡೆ ಮೂರನೇ ಕಂಬದ ಹತ್ರ ನಿಂತು ಕತ್ತೆತ್ತಿ ನೋಡಿ, ಮೇಸ್ತ್ರಿ ಫೋನಿಗೆ ಹೇಳಿ. ಆದ್ರೆ ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡಿ ಮತ್ತೆ. ಮೂಗು ಉದ್ದ ಕಂಡ್ರೆ ಉದ್ದ ಅಂತಲೇ ಹೇಳಿ."