ರಾಜಿ ಮಾಡೋರು ಉಂಡು ಬಂದರು

ಇರಾಕಿಗೂ ಇರಾನಿಗೂ ಯುದ್ಧ ಹತ್ತಿಕೊಂಡಾಗ ನನ್ನ ಗಂಡ ಇರಾಕಿನ ಬಸ್ರಾದಲ್ಲಿದ್ದರು. ವೆಲ್ಡರ್ ಕೆಲಸ. ನಮ್ಮೂರು ತ್ಯಾವಣಿಗೆಯಿಂದ ಅಷ್ಟು ದೂರ ಹೋದವರು ಅವರೊಬ್ಬರೇ, ಅದಕ್ಕೇ ಅವರಣ್ಣನ ಮೀಸೆ ಸದಾ ಮೇಲೇ ಇರುತ್ತಿತ್ತು. ಅಲ್ಲಿ ಬಾಂಬು ಬೀಳುತ್ತಿವೆ ಎಂದು ರೇಡಿಯೊ ಹೇಳಿದ ಮೇಲೂ ಭಾವನವರು ತಮ್ಮನನ್ನು ಕರೆಸೋಣ ಅನ್ನಲಿಲ್ಲ. ಹೆದರಿ ಓಡಿಬಂದ ಅಂತ ಊರವರು ಆಡಿಕೊಳ್ಳುತ್ತಾರೆ ಎಂಬ ಚಿಂತೆ ಅವರಿಗೆ. ನನಗಿದ್ದ ಚಿಂತೆ ಒಂದೇ, ಆ ಮನುಷ್ಯ ಜೀವಂತ ಬರಬೇಕು.

"ತಡಿಯಮ್ಮ," ಎಂದರು ಮಾವ. "ಯಾವ ಕಡೆಗೂ ಸೇರದ ದೇಶದೋರು ರಾಜಿ ಮಾಡಾಕೆ ಹೊಂಟಾರಂತೆ. ನಮ್ಮ ದೇಶದೋರೂ ಅದಾರೆ. ಬೇಗ ಮುಗೀತೈತೆ."

ಮಾವ ಹಾಗೆ ನಂಬಿದ್ದು ಸುಮ್ಮನಲ್ಲ. ಬದುವಿನ ಜಗಳವೋ ಬಾವಿಯ ಜಗಳವೋ, ಉಬ್ರಾಣಿ, ನ್ಯಾಮತಿ ಕಡೆಯವರೂ ಬಗೆಹರಿಸಲು ಅವರನ್ನೇ ಕರೆಯುತ್ತಿದ್ದರು. ಅವರದೊಂದು ಕಟ್ಟುನಿಟ್ಟಿತ್ತು. ರಾಜಿಯಾಗುವವರೆಗೂ ಜಗಳದ ಎರಡೂ ಮನೆಯಲ್ಲಿ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ರೊಟ್ಟಿ, ಚಟ್ನಿಪುಡಿ, ತಂಬಿಗೆ ನೀರು, ಎಲ್ಲ ಊರಿಂದಲೇ ಕಟ್ಟಿಸಿಕೊಂಡು ಹೋಗುವರು. ಒಬ್ಬರ ಮನೆಯಲ್ಲಿ ಉಂಡರೆ ಇನ್ನೊಬ್ಬರು ನಂಬುವುದಿಲ್ಲ ಎಂಬುದು ಅವರ ಲೆಕ್ಕ.

ಒಂದು ಸಂಜೆ ಎಲ್ಲರೂ ಜಗಲಿಯಲ್ಲಿದ್ದಾಗ, ಆ ದೇಶಗಳ ಮಂತ್ರಿಗಳು ಬಾಗ್ದಾದಿನಲ್ಲಿ ಇಳಿದ ವಾರ್ತೆ ಬಂತು. ಅವರ ಗೌರವಾರ್ಥ ಔತಣಕೂಟ ನಡೆಯಿತು ಎಂದೂ ಸೇರಿಸಿದರು. ಮಾವ ರೇಡಿಯೊ ಕಿವಿ ಹಿಂಡಿ ಬಂದ್ ಮಾಡಿದರು.

"ಉಂಡರಾ? ಮಾತು ಶುರುವಾಗಾಕೆ ಮುಂಚೇನೇ ಉಂಡರಾ? ಮುಗೀತು ಬಿಡು. ಇನ್ನು ಆ ಕಡೆಯೋರು ಇವರ ಮಾತು ಹೆಂಗೆ ಕೇಳ್ತಾರೆ?"

ದೇಶವಿದೇಶದ ವ್ಯವಹಾರ ಬಲ್ಲವರು ಇದಕ್ಕೆ ನಗಬಹುದು. ನಗಲಿ. ಆ ಮಂತ್ರಿಗಳು ಟೆಹರಾನಿನಲ್ಲೂ ಉಂಡಿರಬಹುದು, ಯಾರಿಗೆ ಗೊತ್ತು. ನನಗೆ ಬೇಕಿದ್ದ ಮಾತು ಮಾವನ ಬಾಯಿಂದಲೇ ಬಂದಿತ್ತು.

"ಹಂಗಾದ್ರೆ ನಿಮ್ಮ ಮಗನ್ನ ಕರೆಸ್ರಿ ಮಾವ," ಎಂದೆ.

ಭಾವನವರು ಎದ್ದು ನಿಂತರು. ಕಾಂಟ್ರಾಕ್ಟ್ ಮುಗಿಯದೆ ಬರೋದಾ, ಮನೆತನದ ಮರ್ಯಾದೆ ಏನಾಗಬೇಕು, ಹೆಂಗಸರಿಗೇನು ತಿಳಿಯುತ್ತೆ ಎಂದೆಲ್ಲ ಕೂಗಾಡಿದರು. ಮಾವ ಕೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿ, "ಇದನ್ನ ನಾನು ಬಗೆಹರಿಸ್ತೀನಿ," ಎಂದರು.

ನನಗೆ ಮೈ ಉರಿದುಹೋಯಿತು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅತ್ತೆ ಮಾವ ಇಬ್ಬರದೂ ಊಟ ಭಾವನವರ ಮನೆಯಲ್ಲೇ.

"ನೀವು ದಿನಾ ಭಾವನೋರ ಮನೇಲಿ ಉಣ್ತೀರಿ ಮಾವ. ನಿಮ್ಮ ರಾಜಿ ನನಗೆ ಬ್ಯಾಡ."

ಮಾವನಿಗೆ ಎದುರಾಡಿದ್ದು ಅದೇ ಮೊದಲು.

ಮಾರನೇ ದಿನ ಮೊದಲ ಬಸ್ಸು ಹತ್ತಿ ಚನ್ನಗಿರಿಯ ಅಂಚೆ ಕಚೇರಿಗೆ ಹೋದೆ. ಟೆಲಿಗ್ರಾಂ ಬರೆದುಕೊಳ್ಳುವ ಗುಮಾಸ್ತರು ಒಳ್ಳೆಯವರು.

"ತಾಯಿಗೆ ಸೀರಿಯಸ್ ಅಂತ ಬರೀಲೇನಮ್ಮ? ಎಲ್ರೂ ಹಂಗೇ ಕಳಿಸಾದು. ಕಂಪನಿಯೋರು ಬೇಗ ಬಿಡ್ತಾರೆ."

"ಅತ್ತೆ ಗಟ್ಟಿಮುಟ್ಟಾಗಿ ಅದಾರೆ. ಹೆಂಡ್ತಿ ಕರೀತಾಳೆ, ಹೊರಟು ಬನ್ನಿ ಅಂತ ಬರೀರಿ."

ಗುಮಾಸ್ತರು ಮುಖ ಎತ್ತಿ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

ಭಾವನವರು ನನ್ನ ಜೊತೆ ಮಾತು ಬಿಟ್ಟರು. ರಾಜಿ ಮಾಡಿಸಲು ಆ ದೇಶಗಳವರು ಆಮೇಲೂ ಹೋದರು, ಬಂದರು, ಯುದ್ಧ ವರ್ಷಗಟ್ಟಲೆ ನಡೆಯಿತು. ನನ್ನ ಗಂಡ ಮಾತ್ರ ಆ ಬೇಸಿಗೆಯಲ್ಲೇ ಬಂದರು. ತಂತಿ ಅಂದರೆ ಕೆಟ್ಟ ಸುದ್ದಿಯೇ ಎಂದು ದಾರಿಯುದ್ದಕ್ಕೂ ಹೆದರಿದ್ದರಂತೆ. ಬಸ್ಸಿನಿಂದ ಇಳಿದವರೇ, ಟ್ರಂಕು ಕೆಳಗಿಡುವ ಮೊದಲೇ, ಕೇಳಿದರು.

"ಯಾರಿಗೇನಾಗೈತೆ?"

"ಯಾರಿಗೂ ಏನೂ ಆಗಿಲ್ಲ," ಎಂದೆ. "ನಿಮಗೇನೂ ಆಗಬಾರ್ದು ಅಂತ ಕರೆಸಿದೆ."